ಹುಡುಕಿದರೆ ಸಿಗುವ ಹಾಗೆ ಇಟ್ಟಿದ್ದೇವೆಯೇ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಹಾವೇರಿ ಜಿಲ್ಲೆಯ ಶಿಕ್ಷಕರೊಬ್ಬರು ತಮ್ಮ ನೋವು ತೋಡಿಕೊಂಡಿದ್ದರು. ನಮ್ಮ ಭಾಗದ ಕಸುಬುಗಳ ಬಗ್ಗೆ ಮಕ್ಕಳಿಗೆ ಪಾಠ ಮಾಡಲೆಂದು ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದೆ, ಬೇಕಾದದ್ದು ಸಿಗಲಿಲ್ಲ, ಸಿಕ್ಕದ್ದೆಲ್ಲ ಯಂತ್ರಾನುವಾದದ ಹೊಟ್ಟು, ಈ ದೊಡ್ಡ ಕಂಪನಿಗಳಿಗೆ ಕನ್ನಡವೆಂದರೆ ತಾತ್ಸಾರ ಎಂದು ಬರೆದಿದ್ದರು. ಅವರ ಸಂಕಟ ನನ್ನದೂ ಹೌದು. ಆದರೆ ತಪ್ಪನ್ನೆಲ್ಲ ಆ ಕಂಪನಿಗಳ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ. ಎಷ್ಟೋ ಒಳ್ಳೆಯ ಕನ್ನಡ ಬರಹವನ್ನು ನಾವೇ ಯಂತ್ರಕ್ಕೆ ಓದಲು ಬಾರದ ಹಾಗೆ ಇಟ್ಟಿದ್ದೇವೆ. ಇಟ್ಟ ಮೇಲೆ, ಅದು ತೋರಿಸುತ್ತಿಲ್ಲ ಎಂದು ದೂರುತ್ತಿದ್ದೇವೆ. ಈ ತಪ್ಪನ್ನು ನಾನು ಸ್ವತಃ ಮಾಡಿದವಳು. ಅದಕ್ಕಾಗಿ ದುಡ್ಡು, ಸಮಯ ಎರಡನ್ನೂ ಕಳೆದುಕೊಂಡವಳು. ಆದ್ದರಿಂದ ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಇಲ್ಲಿನ ಒಂದು ಮುದ್ರಣಾಲಯದಲ್ಲಿ ನಾನು 35 ವರ್ಷ ಕರಡು ತಿದ್ದಿದ್ದೇನೆ. ಮೊಳೆ ಜೋಡಿಸುವ ಕಾಲದಲ್ಲಿ ಸೇರಿದೆ, ಕಂಪ್ಯೂಟರ್ ಕಾಲದಲ್ಲಿ ನಿವೃತ್ತಳಾದೆ. ಸಂಶೋಧನಾ ಗ್ರಂಥಗಳು ಅಚ್ಚಿಗೆ ಬಂದಾಗ ಕೊನೆಯಲ್ಲಿ ಹಾಕುವ ಪದಸೂಚಿಯನ್ನು ಸಿದ್ಧಪಡಿಸುವ ಕೆಲಸವೂ ನನ್ನದೇ ಆಗಿತ್ತು. ಹಾಳೆಯ ಅಂಚುಗಳನ್ನು ಕತ್ತರಿಸಿ ಚೀಟಿ ಮಾಡಿಕೊಳ್ಳುತ್ತಿದ್ದೆ. ಪುಸ್ತಕವನ್ನು ಮೊದಲ ಪುಟದಿಂದ ಓದುತ್ತ ಹೋಗುವುದು, ಮುಖ್ಯವಾದ ಪದ ಬಂದಾಗಲೆಲ್ಲ ಒಂದು ಚೀಟಿ, ಅದರ ಮೇಲೆ ಪುಟಸಂಖ್ಯೆ. ಸಂಜೆ ಆ ಚೀಟಿಗಳನ್ನು ಅಕಾರಾದಿಯಾಗಿ ಚಪ್ಪಲಿಯ ರಟ್ಟಿನ ಡಬ್ಬಿಯಲ್ಲಿ ಜೋಡಿಸುವುದು. ಫ್ಯಾನ್ ಹಾಕುವಂತಿಲ್ಲ, ಹಾಕಿದರೆ ಚೀಟಿ ಹಾರುತ್ತವೆ. ಏಪ್ರಿಲ್ ತಿಂಗಳ ಗದಗಿನಲ್ಲಿ ಫ್ಯಾನ್ ಇಲ್ಲದೆ ಪದಸೂಚಿ ಮಾಡಿದ್ದು ನನ್ನ ಬೆನ್ನಿಗೆ ಇನ್ನೂ ನೆನಪಿದೆ.

ಅದರಲ್ಲಿ ಕಷ್ಟವಾಗುತ್ತಿದ್ದದ್ದು ನಮ್ಮ ಭಾಷೆಯ ಸ್ವಭಾವ. ‘ಮಗ್ಗ’ ಎಂಬ ಪದ ಪುಸ್ತಕದಲ್ಲಿ ಮಗ್ಗ ಎಂದೇ ಬರುವುದು ಅಪರೂಪ. ಮಗ್ಗದ, ಮಗ್ಗಕ್ಕೆ, ಮಗ್ಗದಿಂದ, ಮಗ್ಗಗಳಲ್ಲಿ ಎಂದೆಲ್ಲ ಬರುತ್ತದೆ. ಎಲ್ಲವನ್ನೂ ಒಂದೇ ತಲೆಯ ಕೆಳಗೆ ತರಬೇಕು. ಸಂಧಿಯಾದರಂತೂ ಪದದ ಮೊದಲ ಅಕ್ಷರವೇ ಬದಲಾಗಿರುತ್ತದೆ. ‘ಕಾಲ’ ಹುಡುಕುವವನಿಗೆ ‘ಮಳೆಗಾಲ’ ಸಿಗಬೇಕೋ ಬೇಡವೋ ಎಂದು ಲೇಖಕರ ಜೊತೆ ಅರ್ಧ ಗಂಟೆ ಚರ್ಚೆ ಮಾಡಿದ್ದೇನೆ.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಹುಡುಕುವ ಯಂತ್ರ ಮಾಡುವುದು ಇದೇ ಕೆಲಸವನ್ನು. ನಾವು ಪ್ರಶ್ನೆ ಟೈಪ್ ಮಾಡಿದ ಗಳಿಗೆಯಲ್ಲಿ ಅದು ಜಗತ್ತಿನ ಜಾಲತಾಣಗಳನ್ನೆಲ್ಲ ಜಾಲಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಮೊದಲೇ ಓದಿ, ಮೊದಲೇ ಚೀಟಿ ಬರೆದು, ಮೊದಲೇ ಡಬ್ಬಿಯಲ್ಲಿ ಜೋಡಿಸಿಟ್ಟಿರುತ್ತದೆ. ಗೂಗಲ್‌ಬಾಟ್ ಎಂಬ ಹೆಸರಿನ ತಂತ್ರಾಂಶವೊಂದು ಹಗಲು ರಾತ್ರಿ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ (ಲಿಂಕ್) ಹಿಡಿದುಕೊಂಡು ಹೋಗುತ್ತದೆ. ಹೋದ ಪುಟವನ್ನು ತಂದು ಓದುತ್ತದೆ. ಯಾವ ಪದ ಯಾವ ಪುಟದಲ್ಲಿದೆ, ತಲೆಬರಹದಲ್ಲಿದೆಯೇ, ಒಡಲಿನಲ್ಲಿದೆಯೇ, ಪುಟ ಯಾವ ಭಾಷೆಯದು, ಯಾವಾಗ ಬದಲಾಯಿತು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ನಾವು ಹುಡುಕಿದಾಗ ತೆರೆಯುವುದು ಆ ಡಬ್ಬಿಯನ್ನು, ಅಂದರೆ ಅದರ ಸೂಚಿಯನ್ನು ಮಾತ್ರ. ಆ ಡಬ್ಬಿಯಲ್ಲಿ ನೂರಾರು ಶತಕೋಟಿ ಪುಟಗಳಿವೆ, ಅದರ ಗಾತ್ರ 10 ಕೋಟಿ ಗಿಗಾಬೈಟ್‌ಗಿಂತ ಹೆಚ್ಚು ಎಂದು ಕಂಪನಿಯೇ ಹೇಳಿಕೊಂಡಿದೆ. ಚೀಟಿ ಬರೆಯದ ಪುಟ ಎಷ್ಟೇ ಚೆನ್ನಾಗಿರಲಿ, ಹುಡುಕುವವನ ಪಾಲಿಗೆ ಅದು ಇಲ್ಲ.

ಈಗ ನನ್ನ ಕಥೆ. ನಮ್ಮದು ಬೆಟಗೇರಿಯ ನೇಕಾರ ಮನೆತನ. ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಅವರು ಹೋದ ಮೇಲೆ, ಅವರ ಬಾಯಲ್ಲಿದ್ದ ಪದಗಳೂ ಹೋಗುತ್ತವಲ್ಲ ಎಂಬ ಚಿಂತೆ ಹತ್ತಿತು. ನೂಲನ್ನು ಅಡ್ಡ ಸಾಗಿಸುವ ಲಾಳಿ, ಉದ್ದದ ಎಳೆಯಾದ ಹಾಸು, ಅಡ್ಡ ಎಳೆಯಾದ ಹೊಕ್ಕು ಇವು ನಿಘಂಟಿನಲ್ಲಿ ಸಿಗುತ್ತವೆ, ನಿಜ. ಆದರೆ ಲಾಳಿಯೊಳಗೆ ಕೂರುವ ನೂಲಿನ ಉರುಳೆಯಾದ ಕಂಡಿಕೆ ಸುತ್ತುವಾಗ ಎಳೆ ಹರಿದರೆ ಏನನ್ನುತ್ತಾರೆ, ಹಾಸಿನ ಎಳೆ ಸಡಿಲಾದರೆ ಏನನ್ನುತ್ತಾರೆ, ಅದೇ ಎಳೆ ಚಳಿಗಾಲದಲ್ಲಿ ಬಿಗಿದುಕೊಂಡರೆ ಏನನ್ನುತ್ತಾರೆ ಎಂಬುದು ಎಲ್ಲಿಯೂ ಇಲ್ಲ. ಓಣಿಯ ಹಿರಿಯರನ್ನು ಕೇಳಿ ಕೇಳಿ ಬರೆದುಕೊಂಡೆ. ಎರಡು ವರ್ಷದಲ್ಲಿ 212 ಪದಗಳಾದವು. ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಾನೆ, ಅವನೇ 2021ರ ದಸರೆಯಲ್ಲಿ ಒಂದು ಜಾಲತಾಣ ಮಾಡಿಕೊಟ್ಟ. ಪದಕ್ಕೊಂದು ಪುಟ. ನಾನು ಸಂಕ್ರಾಂತಿಯ ತನಕ ಪ್ರತಿದಿನ ಬೆಳಿಗ್ಗೆ ಚಹಾ ಕುಡಿಯುತ್ತ ಗೂಗಲ್‌ನಲ್ಲಿ ನೋಡುತ್ತಿದ್ದೆ. ‘ಬೆಟಗೇರಿ ನೇಕಾರರ ಪದಗಳು’ ಎಂದು ನಮ್ಮ ತಲೆಬರಹವನ್ನೇ ಇದ್ದ ಹಾಗೆಯೇ ಕೊಟ್ಟರೂ ನಮ್ಮ ತಾಣ ಬರಲಿಲ್ಲ.

ಆಗ ಯಾರೋ ಹೇಳಿದರೆಂದು ಒಂದು ಸಂಸ್ಥೆಯ ಬಾಗಿಲಿಗೆ ಹೋದೆ. ಮೂರು ತಿಂಗಳಲ್ಲಿ ಗೂಗಲ್ ಫಲಿತಾಂಶಗಳ ಮೊದಲ ಪುಟದಲ್ಲಿ ತರುತ್ತೇವೆ, ಖಾತ್ರಿ ಎಂದರು. 15 ಸಾವಿರ ರೂಪಾಯಿ ಕೊಟ್ಟೆ. ನನ್ನ ಪಿಂಚಣಿಯ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ. ಮೂರು ತಿಂಗಳಾದ ಮೇಲೂ ಏನೂ ಬದಲಾಗಲಿಲ್ಲ. ಅವರು ಏನು ಮಾಡಿದ್ದಾರೆಂದು ಅಕ್ಕನ ಮಗ ಒಂದು ಭಾನುವಾರ ಮನೆಗೆ ಬಂದು ತೆರೆದು ನೋಡಿದ. “ಚಿಗವ್ವ, ಈ ಪುಟದ ಕೆಳಗೆ ಬೆರಳಿಟ್ಟು ಎಳೆದು ನೋಡು” ಎಂದ. ಬಿಳಿ ಜಾಗವನ್ನು ಆಯ್ದುಕೊಂಡು ಎಳೆದರೆ ನೀಲಿ ಬಣ್ಣದೊಳಗೆ ಅಕ್ಷರಗಳು ಎದ್ದು ಬಂದವು. ಸೀರೆ, ಗದಗ ಸೀರೆ, ಹುಬ್ಬಳ್ಳಿ ಸೀರೆ, ಅಗ್ಗದ ಸೀರೆ, ಮದುವೆ ಸೀರೆ, ಮತ್ತೆ ಗದಗ ಸೀರೆ. ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ಸುಮಾರು ನಲವತ್ತು ಸಾಲು. ಅಪ್ಪನ ಪದಗಳ ಕೆಳಗೆ ಹೀಗೆ ಕಳ್ಳತನದಿಂದ ಅಂಟಿಸಿದ್ದನ್ನು ನೋಡಿ ನನಗೆ ಆದ ನಾಚಿಕೆಯನ್ನು ಬರೆಯಲಾರೆ. ಓದುಗನಿಗೆ ಕಾಣದ ಹಾಗೆ, ಯಂತ್ರಕ್ಕೆ ಮಾತ್ರ ಕಾಣುವ ಹಾಗೆ ಪದ ತುಂಬುವುದು ಗೂಗಲ್‌ನ ನಿಯಮಗಳ ಪ್ರಕಾರ ಮೋಸ. ಅದಕ್ಕಾಗಿ ತಾಣವನ್ನು ಕೆಳಕ್ಕೆ ತಳ್ಳಬಹುದು, ಸೂಚಿಯಿಂದಲೇ ತೆಗೆದುಹಾಕಬಹುದು. ಇನ್ನೊಂದು ಮಾತು, ದುಡ್ಡು ತೆಗೆದುಕೊಂಡು ಹುಡುಕಾಟದ ಸಹಜ ಫಲಿತಾಂಶಗಳಲ್ಲಿ ಯಾರನ್ನೂ ಮೇಲಕ್ಕೆ ತರುವುದಿಲ್ಲ, ಹೆಚ್ಚು ಸಲ ಬಂದು ಓದುವುದೂ ಇಲ್ಲ ಎಂದು ಕಂಪನಿ ಸ್ಪಷ್ಟವಾಗಿ ಬರೆದಿದೆ. ಜಾಹೀರಾತಿನ ಜಾಗ ಬೇರೆ, ಅದು ಜಾಹೀರಾತೆಂದು ತಿಳಿಸುವ ಗುರುತಿರುತ್ತದೆ. ಅಂದ ಮೇಲೆ ಮೊದಲ ಪುಟದ ಖಾತ್ರಿ ಕೊಡುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಜಿಲ್ಲೆಗಳ ಸಣ್ಣ ಅಂಗಡಿಯವರು, ಖಾನಾವಳಿಯವರು, ಬ್ಯಾಡಗಿ ಮೆಣಸಿನಕಾಯಿ ಮಾರುವವರು ಇಂಥ ಖಾತ್ರಿಯ ಮಾತಿಗೆ ದುಡ್ಡು ಕಟ್ಟಬಾರದೆಂದು ಕೈಮುಗಿದು ಹೇಳುತ್ತೇನೆ.

ನಮ್ಮ ತಾಣ ಕಾಣದಿದ್ದದ್ದಕ್ಕೆ ನಿಜವಾದ ಕಾರಣ ಒಂದು ಸರಿ ಗುರುತು. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ತಾಣ ಕಟ್ಟುವಾಗ, ಕೆಲಸ ಮುಗಿಯುವ ತನಕ ಯಾರೂ ನೋಡಬಾರದೆಂದು ಹುಡುಗ ಒಂದು ಚೌಕದಲ್ಲಿ ಗುರುತು ಹಾಕಿದ್ದ. ಹುಡುಕುವ ಯಂತ್ರಗಳು ಈ ತಾಣವನ್ನು ಸೂಚಿಗೆ ಸೇರಿಸುವುದು ಬೇಡ ಎಂಬ ಅರ್ಥದ ಚೌಕ ಅದು. ಕೆಲಸ ಮುಗಿದ ಮೇಲೆ ತೆಗೆಯಲು ಮರೆತ. ಅದರಿಂದ ಪ್ರತಿಯೊಂದು ಪುಟದ ಒಳಗೆ ‘ನೋಇಂಡೆಕ್ಸ್’ ಎಂಬ ಸೂಚನೆ ಕುಳಿತುಬಿಟ್ಟಿತ್ತು. ಗೂಗಲ್ ಬಂದಿತ್ತು, ಓದಿತ್ತು, ಬೇಡ ಎಂದು ನಾವೇ ಬರೆದದ್ದನ್ನು ನೋಡಿ ಹಿಂದಿರುಗಿತ್ತು. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಸೌಲಭ್ಯ ಉಚಿತವಾಗಿಯೇ ಇದೆ, ತಾಣ ನಮ್ಮದೆಂದು ತೋರಿಸಿಕೊಟ್ಟರೆ ಯಾವ ಪುಟ ಸೂಚಿಗೆ ಸೇರಿದೆ, ಯಾವುದು ಏಕೆ ಸೇರಿಲ್ಲ ಎಂದು ಅದು ಹೇಳುತ್ತದೆ. ಅಲ್ಲಿ ಈ ಕಾರಣ ಒಂದೇ ಸಾಲಿನಲ್ಲಿ ಬರೆದಿತ್ತು. 15 ಸಾವಿರ ಪಡೆದವರು ಅದನ್ನು ತೆರೆದೇ ನೋಡಿರಲಿಲ್ಲ.

ಗುರುತು ತೆಗೆದೆವು. ಒಂಬತ್ತನೆಯ ದಿನ ಮುಖಪುಟ ಕಾಣಿಸಿತು. ನಾನು ಓಣಿಗೆಲ್ಲ ಫೇಡೆ ಹಂಚಿದೆ.

ಆದರೆ ತಿಂಗಳು ಕಳೆದರೂ 212ರಲ್ಲಿ ನಲವತ್ತು ಪುಟ ಮಾತ್ರ ಸೇರಿದ್ದವು. ಉಳಿದವುಗಳ ಎದುರು ‘ಓದಲಾಗಿದೆ, ಸದ್ಯಕ್ಕೆ ಸೂಚಿಗೆ ಸೇರಿಸಿಲ್ಲ’ ಎಂಬರ್ಥದ ಮಾತು. ಓದಿದ ಮೇಲೂ ಬಿಟ್ಟದ್ದೇಕೆ? ಇಲ್ಲಿಂದ ಮುಂದೆ ನಾನು ಕಲಿತದ್ದನ್ನು ಎಲ್ಲರೂ ತಿಳಿಯಬೇಕೆಂಬುದು ನನ್ನ ಆಸೆ.

ಒಂದು ಭಾಗ ನನ್ನ ತಪ್ಪು. ಪದಕ್ಕೊಂದು ಪುಟ ಮಾಡಿದ್ದೆನಲ್ಲ, ಎಷ್ಟೋ ಪುಟಗಳಲ್ಲಿ ಪದ ಮತ್ತು ಒಂದು ಸಾಲಿನ ಅರ್ಥ, ಅಷ್ಟೇ ಇತ್ತು. ಸಿಕ್ಕ ಪುಟವನ್ನೆಲ್ಲ ಸೇರಿಸಿಕೊಳ್ಳುತ್ತೇನೆ ಎಂದು ಗೂಗಲ್ ಎಂದೂ ಮಾತು ಕೊಟ್ಟಿಲ್ಲ. ಓದುಗನಿಗೆ ಹೊಸದೇನೂ ಕೊಡದ ಪುಟವನ್ನು ಅದು ಬಿಟ್ಟುಬಿಡಬಹುದು. ಪದಸೂಚಿ ಮಾಡುವಾಗ ನಾನೂ ಹಾಗೆಯೇ ಮಾಡುತ್ತಿದ್ದೆ, ಹೆಸರು ಸುಮ್ಮನೆ ಬಂದುಹೋದ ಪುಟಕ್ಕೆ ಚೀಟಿ ಬರೆಯುತ್ತಿರಲಿಲ್ಲ. ನಂತರ ಪುಟಗಳನ್ನು ಕೂಡಿಸಿದೆ. ಲಾಳಿಗೆ ಸಂಬಂಧಿಸಿದ ಪದಗಳೆಲ್ಲ ಒಂದೇ ಪುಟದಲ್ಲಿ, ಜೊತೆಗೆ ಲಾಳಿ ಹೇಗಿರುತ್ತದೆ, ಕಂಡಿಕೆ ಅದರೊಳಗೆ ಹೇಗೆ ಕೂರುತ್ತದೆ, ಅಪ್ಪನ ಬಲಗೈ ಹೆಬ್ಬೆರಳಿನ ಚರ್ಮ ಏಕೆ ದಪ್ಪವಾಗಿತ್ತು ಎಂಬ ವಿವರ. 212 ಪುಟ 31 ಪುಟಗಳಾದವು.

ಇನ್ನೊಂದು ಭಾಗ ಮಾತ್ರ ನನ್ನೊಬ್ಬಳದಲ್ಲ, ಇಡೀ ಕನ್ನಡ ಮುದ್ರಣ ಲೋಕದ್ದು. ನನ್ನ ಮೊದಲ ತೊಂಬತ್ತು ಪದಗಳನ್ನು ನಾನು ಮುದ್ರಣಾಲಯದ ಅಭ್ಯಾಸದಂತೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದೆ. ಹುಡುಗ ಅದನ್ನೇ ನಕಲು ಮಾಡಿ ತಾಣದಲ್ಲಿ ಅಂಟಿಸಿದ್ದ. ಅವನ ಕಂಪ್ಯೂಟರಿನಲ್ಲಿ, ನನ್ನ ಕಂಪ್ಯೂಟರಿನಲ್ಲಿ ಚೆಂದವಾಗಿಯೇ ಕಾಣುತ್ತಿತ್ತು, ಏಕೆಂದರೆ ಇಬ್ಬರಲ್ಲೂ ಆ ಅಕ್ಷರಶೈಲಿ ಇತ್ತು. ಪಕ್ಕದ ಮನೆಯಾಕೆ ತನ್ನ ಮೊಬೈಲಿನಲ್ಲಿ ತೆರೆದು, “ಅಕ್ಕಾ, ಇದು ಯಾವ ದೇಶದ ಭಾಷೆ?” ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು.

ಆ ಹಳೆಯ ಪದ್ಧತಿಯ ಗುಟ್ಟು ಇಷ್ಟೇ. ಅಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಕನ್ನಡ ಅಕ್ಷರವನ್ನಲ್ಲ. ‘ಕನ್ನಡ’ ಎಂಬ ಮೂರಕ್ಷರದ ಪದವನ್ನೇ ತೆಗೆದುಕೊಳ್ಳಿ. ಕಡತದ ಒಳಗೆ ಅದು ಹೀಗಿರುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟಿಷರ ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಗೆರೆಯ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಗೆರೆಯ ಎ. ಈ ಏಳು ಚಿಹ್ನೆಗಳ ಮೇಲೆ ಕನ್ನಡದ ಚಿತ್ರವನ್ನು ಹೊದಿಸಿ ನಮ್ಮ ಕಣ್ಣಿಗೆ ತೋರಿಸುವುದು ಅಕ್ಷರಶೈಲಿಯ ಕೆಲಸ. ಹೊದಿಕೆ ತೆಗೆದರೆ ಉಳಿಯುವುದು ಪೌಂಡ್ ಮತ್ತು ಗೆರೆಯ ಎ. ಕಾಗದದ ಮೇಲೆ ಅಚ್ಚು ಹಾಕುವವರೆಗೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ, ಕಾಗದಕ್ಕೆ ಹೊದಿಕೆಯೇ ಸಾಕು. ಈ ಪದ್ಧತಿಯಲ್ಲೇ ಲಕ್ಷಾಂತರ ಪುಟ ಅಚ್ಚಾಗಿ ಕನ್ನಡ ಬೆಳೆದಿದೆ, ಆ ತಂತ್ರಾಂಶಗಳನ್ನು ಮಾಡಿದವರಿಗೆ ನಾನು ಋಣಿ. ಆದರೆ ಹುಡುಕುವ ಯಂತ್ರ ಓದುವುದು ಹೊದಿಕೆಯನ್ನಲ್ಲ, ಒಳಗಿನ ಚಿಹ್ನೆಗಳನ್ನು. ಶಿಕ್ಷಕರು ‘ಮಗ್ಗ’ ಎಂದು ಯೂನಿಕೋಡ್‌ನಲ್ಲಿ ಹುಡುಕುತ್ತಾರೆ. ನನ್ನ ಪುಟದ ಒಳಗೆ ಮಗ್ಗವೇ ಇಲ್ಲ. ಸಿಗುವುದಾದರೂ ಹೇಗೆ?

ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಆದ ಸಂಖ್ಯೆ ಇದೆ, ಮೊಬೈಲಿನಲ್ಲಿ ನಾವು ಟೈಪ್ ಮಾಡುವುದೂ ಅದರಲ್ಲಿಯೇ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒಮ್ಮೆ ಕರಡು ತಿದ್ದಲೇಬೇಕು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ಒತ್ತಕ್ಷರ ಕಳಚಿಕೊಂಡಿರುತ್ತದೆ.

ಕರಡು ತಿದ್ದುವ ಮಾತು ಬಂದದ್ದರಿಂದ ಒಂದು ಸೂಕ್ಷ್ಮ ಹೇಳಬೇಕು. ‘ಶಂಕರ’ ಮತ್ತು ‘ಶ೦ಕರ’ ಇವೆರಡನ್ನೂ ನೋಡಿ. ವ್ಯತ್ಯಾಸ ಕಾಣುತ್ತದೆಯೇ? ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿಯ ಸೊನ್ನೆ. ಅವಸರದಲ್ಲಿ ಟೈಪ್ ಮಾಡುವವರು, ಕೆಲವು ಪರಿವರ್ತಕಗಳು ಅನುಸ್ವಾರದ ಜಾಗದಲ್ಲಿ ಅಂಕಿಯನ್ನು ಕೂರಿಸುವುದುಂಟು. ಮನುಷ್ಯರ ಕಣ್ಣಿಗೆ ಎರಡೂ ಒಂದೇ ದುಂಡು, ಯಂತ್ರಕ್ಕೆ ಮಾತ್ರ ಒಂದು ಅಕ್ಷರ, ಇನ್ನೊಂದು ಲೆಕ್ಕ. 35 ವರ್ಷ ಕರಡು ತಿದ್ದಿದ ನನ್ನ ಕಣ್ಣನ್ನೇ ಇದು ತಪ್ಪಿಸಿತು. ನಮ್ಮ ತಾಣದಲ್ಲಿ ‘ಅಂಚು’ ಎಂಬ ಪದ ಹನ್ನೊಂದು ಕಡೆ ಹೀಗೆ ಅಂಕಿಯ ಸೊನ್ನೆಯೊಂದಿಗೆ ಕುಳಿತಿತ್ತು. ಸೀರೆಯ ಅಂಚಿನ ಬಗ್ಗೆ ಇಡೀ ಪುಟ ಬರೆದು, ಆ ಪದವೇ ಆ ಪುಟದಲ್ಲಿರಲಿಲ್ಲ!

ಈಗ ನಮ್ಮ ಜಿಲ್ಲೆಗಳ ಸಂಸ್ಥೆಗಳ ಕಡೆ ತಿರುಗುತ್ತೇನೆ. ಯಾರ ಹೆಸರನ್ನೂ ಹೇಳುವುದಿಲ್ಲ, ಓದಿದವರಿಗೆ ತಮ್ಮ ತಾಣ ನೆನಪಾದರೆ ಸಾಕು. ಪ್ರಕಟಣೆಯನ್ನು ಕಾಗದದ ಮೇಲೆ ಮುದ್ರಿಸಿ, ಸಹಿ ಹಾಕಿ, ಮೊಬೈಲಿನಲ್ಲಿ ಓರೆಯಾಗಿ ಫೋಟೊ ತೆಗೆದು, ಆ ಫೋಟೊವನ್ನು ತಾಣಕ್ಕೆ ಏರಿಸುವುದು ಎಲ್ಲೆಡೆ ರೂಢಿಯಾಗಿದೆ. ಉಪನ್ಯಾಸ ಮಾಲೆಯ ಆಹ್ವಾನ, ಗ್ರಂಥಾಲಯದ ಪುಸ್ತಕಪಟ್ಟಿ, ಸ್ಮರಣ ಸಂಚಿಕೆಯ ಲೇಖನ ಎಲ್ಲವೂ ಚಿತ್ರ. ಚಿತ್ರದೊಳಗಿನ ಅಕ್ಷರವನ್ನು ಗುರುತಿಸುವ ವಿದ್ಯೆ ಯಂತ್ರಗಳಿಗೆ ಬಂದಿದೆ, ನಿಜ. ಆದರೆ ಮುಖ್ಯವಾದ ಬರಹವನ್ನು ಚಿತ್ರದೊಳಗೆ ಹುದುಗಿಸಬೇಡಿ ಎಂದು ಗೂಗಲ್ ತಾನೇ ಸಲಹೆ ಕೊಡುತ್ತದೆ. ಮಡಿಕೆ ಬಿದ್ದ ಕಾಗದದ ಮಬ್ಬು ಫೋಟೊದಲ್ಲಿ ಕನ್ನಡದ ಒತ್ತಕ್ಷರ ಗುರುತಿಸಲು ನನಗೇ ಕನ್ನಡಕ ಬೇಕು. ಕಣ್ಣು ಕಾಣದವರು ಮೊಬೈಲಿನಿಂದ ಓದಿಸಿಕೊಂಡು ಕೇಳುತ್ತಾರೆ, ಅವರಿಗೂ ಈ ಚಿತ್ರ ಮೂಕವಾಗಿಯೇ ಉಳಿಯುತ್ತದೆ. ಅಂಧರಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಊರಿನವರಾದ ನಮಗೆ ಇದು ಮೊದಲು ಹೊಳೆಯಬೇಕಿತ್ತು.

ನಮ್ಮ ಜಿಲ್ಲೆಯ ಪರಿಚಯದ ಪುಟಗಳ ವಿಷಯವಂತೂ ಬೇಸರ ತರಿಸುತ್ತದೆ. ವೀರನಾರಾಯಣ ದೇವಸ್ಥಾನ, ಕುಮಾರವ್ಯಾಸ, ಲಕ್ಕುಂಡಿ, 1905ರಲ್ಲಿ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ಕಟ್ಟಿದ ಸಹಕಾರ ಸಂಘ ಎಂಬ ಅದೇ ನಾಲ್ಕು ಸಾಲು ಒಂದು ತಾಣದಿಂದ ಇನ್ನೊಂದಕ್ಕೆ ಅಲ್ಪವಿರಾಮವೂ ಬದಲಾಗದೆ ಸಾಗುತ್ತದೆ. ಒಂದೇ ಬರಹ ಹತ್ತು ಕಡೆ ಇದ್ದರೆ ಹುಡುಕುವ ಯಂತ್ರ ಅವನ್ನೆಲ್ಲ ಒಂದು ಗುಂಪು ಮಾಡಿ, ಒಂದನ್ನು ಮೂಲವೆಂದು ಆರಿಸಿಕೊಂಡು ತೋರಿಸುತ್ತದೆ. ಉಳಿದ ಒಂಬತ್ತು ಮರೆಗೆ ಸರಿಯುತ್ತವೆ. ಕಣಗಿನಹಾಳದ ಸುತ್ತಲಿನ ಊರುಗಳ ಹಿರಿಯರನ್ನು ಕಂಡು, ಹಿಂದೆ ಬೀಜಕ್ಕೆ, ಎತ್ತಿಗೆ ಸಾಲ ಹೇಗೆ ಸಿಗುತ್ತಿತ್ತು, ಜಾಮೀನು ಯಾರು ನಿಲ್ಲುತ್ತಿದ್ದರು ಎಂದು ಕೇಳಿ ಒಬ್ಬ ವಿದ್ಯಾರ್ಥಿ ಎರಡು ಪುಟ ಬರೆದರೆ, ಅದು ಆ ಹತ್ತು ತಾಣಗಳಿಗಿಂತ ಬೆಲೆಯುಳ್ಳದ್ದು.

ಹುಡುಕುವ ಯಂತ್ರ ಪುಟಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬುದನ್ನೂ ನಾನು ತಿಳಿದಷ್ಟು ಹೇಳುತ್ತೇನೆ. 1998ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್, ಅಂದರೆ ಗೂಗಲ್ ಕಟ್ಟಿದವರು, ಮುಂದಿಟ್ಟ ವಿಚಾರ ಅಚ್ಚಿನ ಮನೆಯವರಿಗೆ ಹೊಸದಲ್ಲ. ಒಳ್ಳೆಯ ಗ್ರಂಥಗಳ ಅಡಿಟಿಪ್ಪಣಿಯಲ್ಲಿ ಮತ್ತೆ ಮತ್ತೆ ಹೆಸರು ಬರುವ ಗ್ರಂಥ ತೂಕದ್ದು. ಹಾಗೆಯೇ ಮಹತ್ವದ ಪುಟಗಳಿಂದ ಕೊಂಡಿ ಪಡೆದ ಪುಟ ಮಹತ್ವದ್ದು. ಇಂದು ಅದೊಂದೇ ಅಳತೆಯಲ್ಲ, ನೂರಾರು ಸಂಗತಿಗಳನ್ನು ನೋಡುತ್ತಾರೆ. ಕೊಂಡಿಗಳನ್ನೇ ಕೊಂಡುಕೊಳ್ಳುವ ವ್ಯಾಪಾರ ಬೆಳೆದಾಗ 2012ರಲ್ಲಿ ಅದರ ವಿರುದ್ಧ ಕ್ರಮ ಬಂತು. ಅದಕ್ಕೂ ಒಂದು ವರ್ಷ ಮೊದಲು ಹುರುಳಿಲ್ಲದ ಪುಟಗಳ ವಿರುದ್ಧ ಬಂದಿತ್ತು. 2024ರ ಮಾರ್ಚ್‌ನಲ್ಲಿ, ಹುಡುಕಾಟದಲ್ಲಿ ಮೇಲೆ ಬರಬೇಕೆಂಬ ಒಂದೇ ಉದ್ದೇಶದಿಂದ ರಾಶಿ ರಾಶಿಯಾಗಿ ಉತ್ಪಾದಿಸಿದ ಪುಟಗಳು, ಯಂತ್ರ ಬರೆದಿರಲಿ ಮನುಷ್ಯ ಬರೆದಿರಲಿ, ನಿಯಮಬಾಹಿರ ಎಂದರು. ಪುಟದ ಒಳಗೆ ಗುಟ್ಟಾಗಿ ಮುಖ್ಯಪದಗಳ ಪಟ್ಟಿ ಕೊಡುವ ಹಳೆಯ ಪದ್ಧತಿಯನ್ನು ತಾವು ಶ್ರೇಣಿಗೆ ಪರಿಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ತಿಳಿಸಿತ್ತು. ನನ್ನಿಂದ ದುಡ್ಡು ಪಡೆದವರ ಬಿಲ್ಲಿನಲ್ಲಿ ಆ ಪಟ್ಟಿಗೆಂದೇ ಮೂರು ಸಾವಿರ ರೂಪಾಯಿ ಬರೆದಿತ್ತು.

ನನಗೆ ಹಿಡಿಸಿದ ಸಂಗತಿ 2022ರ ಡಿಸೆಂಬರ್‌ನದು. ಫಲಿತಾಂಶಗಳ ಗುಣಮಟ್ಟವನ್ನು ಪರೀಕ್ಷಿಸಲು ಗೂಗಲ್ ಜನರನ್ನು ನೇಮಿಸಿಕೊಳ್ಳುತ್ತದೆ. ಅವರು ಕೊಡುವ ಅಂಕದಿಂದ ಯಾವುದೇ ಒಂದು ಪುಟ ನೇರವಾಗಿ ಮೇಲೆ ಕೆಳಗೆ ಹೋಗುವುದಿಲ್ಲ, ತಮ್ಮ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳಲು ಮಾತ್ರ ಅದು ಬಳಕೆಯಾಗುತ್ತದೆ. ಆ ಪರೀಕ್ಷಕರ ಕೈಪಿಡಿಯಲ್ಲಿ ಪರಿಣತಿ, ಅಧಿಕೃತತೆ, ವಿಶ್ವಾಸಾರ್ಹತೆ ಎಂಬ ಮೂರು ಮಾತುಗಳಿದ್ದವು. ಆ ತಿಂಗಳು ಅವುಗಳ ಜೊತೆಗೆ ‘ಅನುಭವ’ ಎಂಬುದನ್ನು ಸೇರಿಸಿದರು. ಬರೆದವರು ಅದನ್ನು ಸ್ವತಃ ಕಂಡು, ಮಾಡಿ, ಬಾಳಿ ಬರೆದಿದ್ದಾರೆಯೇ ಎಂದು ನೋಡಿ ಎಂದರ್ಥ. ಕುಣಿಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವರು, ಹತ್ತಿ ಬಿಡಿಸಿದವರು, ರೊಟ್ಟಿ ಬಡಿದವರು, ಜಮಖಾನೆ ನೇಯ್ದವರು ನಮ್ಮ ಸುತ್ತ ಇದ್ದಾರೆ. ಅವರ ಮಾತನ್ನು ಬರೆದು, ಬರೆದವರ ಹೆಸರು, ಊರು, ಬರೆದ ದಿನಾಂಕ ಹಾಕಿ ಇಡಬೇಕು. ನಮ್ಮ ಎಷ್ಟೋ ತಾಣಗಳಲ್ಲಿ ಲೇಖನಕ್ಕೆ ಲೇಖಕರ ಹೆಸರೇ ಇರುವುದಿಲ್ಲ. ಪುಟದ ತಲೆಬರಹದ ಜಾಗದಲ್ಲಿ ‘ಮುಖಪುಟ’ ಎಂದೋ ‘ಹೊಸ ಪುಟ 3’ ಎಂದೋ ಇರುತ್ತದೆ. ಮುಖಪುಟವಿಲ್ಲದ, ಶೀರ್ಷಿಕೆಯಿಲ್ಲದ ಪುಸ್ತಕವನ್ನು ನಾವು ಅಚ್ಚಿನ ಮನೆಯಿಂದ ಹೊರಗೆ ಬಿಡುತ್ತಿದ್ದೆವೆ?

ಹುಡುಕುವ ಕಂಪನಿಗಳ ಹೊಣೆ ಇಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ವಿಭಕ್ತಿ ಪ್ರತ್ಯಯಗಳನ್ನು, ಸಂಧಿ ಸಮಾಸಗಳನ್ನು ಅವರ ಯಂತ್ರಗಳು ಇನ್ನೂ ಚೆನ್ನಾಗಿ ಕಲಿಯಬೇಕು. ‘ಮಗ್ಗದಲ್ಲಿ’ ಎಂದು ಹುಡುಕಿದರೆ ಒಂದು, ‘ಮಗ್ಗ’ ಎಂದು ಹುಡುಕಿದರೆ ಇನ್ನೊಂದು ಬರುವುದನ್ನು ನಾನು ಇಂದಿಗೂ ನೋಡುತ್ತೇನೆ. ಶಿಕ್ಷಕರು ಹೇಳಿದ ಯಂತ್ರಾನುವಾದದ ಹೊಟ್ಟೂ ನಿಜ, ಅದನ್ನು ಜರಡಿ ಹಿಡಿಯುವ ಕೆಲಸ ಕನ್ನಡದಲ್ಲಿ ಇನ್ನೂ ಬಿಗಿಯಾಗಬೇಕು. ಅದನ್ನು ಗಟ್ಟಿಯಾಗಿ ಕೇಳೋಣ. ಆದರೆ ಜರಡಿಗೆ ಕಾಳನ್ನು ಹಾಕಬೇಕಾದವರು ನಾವು.

ಸಂಪಾದಕರೇ, ನಿಮ್ಮ ಪತ್ರಿಕೆಗೂ ನನ್ನದೊಂದು ಬಿನ್ನಹವಿದೆ. ಜಿಲ್ಲಾ ಪುಟದಲ್ಲಿ ಬರುವ ಸುದ್ದಿ, ಲೇಖನಗಳಲ್ಲಿ ಎಷ್ಟೋ ನಿಮ್ಮ ಇ-ಪತ್ರಿಕೆಯಲ್ಲಿ ಚಿತ್ರವಾಗಿ ಮಾತ್ರ ಉಳಿಯುತ್ತವೆ. ಮುಂಡರಗಿಯ ಒಬ್ಬ ರೈತನ ಬಗ್ಗೆ ನಿಮ್ಮ ವರದಿಗಾರರು ಬಿಸಿಲಿನಲ್ಲಿ ಹೋಗಿ ಬರೆದ ಲೇಖನ ಮರುದಿನವೇ ಹುಡುಕಿದರೆ ಸಿಗುವುದಿಲ್ಲ. ಅದನ್ನು ಬರಹವಾಗಿ, ಯೂನಿಕೋಡ್‌ನಲ್ಲಿ ತಾಣದಲ್ಲಿ ಹಾಕಿಸಿ. ಎರಡು ವರ್ಷದ ಹಿಂದೆ ತಾಣಕ್ಕೆ ಹೊಸ ರೂಪ ಕೊಟ್ಟಾಗ ಹಳೆಯ ಲೇಖನಗಳ ವಿಳಾಸಗಳೆಲ್ಲ ಸತ್ತುಹೋದವು. ನಾನು ಬರೆದಿಟ್ಟುಕೊಂಡಿದ್ದ ಹದಿನೇಳು ಕೊಂಡಿಗಳಲ್ಲಿ ಒಂದೂ ಈಗ ತೆರೆಯುವುದಿಲ್ಲ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ಕಾಯಂ ಆಗಿ ಕಳುಹಿಸುವ ವ್ಯವಸ್ಥೆ ಮಾಡುವುದು ನಿಮ್ಮ ತಂತ್ರಜ್ಞರಿಗೆ ದೊಡ್ಡ ಕೆಲಸವಲ್ಲ. ಹಾಗೆ ಮಾಡಿದರೆ ಹುಡುಕುವ ಯಂತ್ರ ಹಳೆಯ ಪುಟ ಗಳಿಸಿದ್ದ ಮನ್ನಣೆಯನ್ನೂ ಹೊಸದಕ್ಕೆ ವರ್ಗಾಯಿಸಿಕೊಳ್ಳುತ್ತದೆ. ಗ್ರಂಥಾಲಯದಲ್ಲಿ ಕಪಾಟು ಬದಲಾಯಿಸಿದಾಗ ಸೂಚಿಯ ಕಾರ್ಡನ್ನೂ ತಿದ್ದುತ್ತೇವಲ್ಲ, ಅಷ್ಟೇ.

ನಮ್ಮ ತಾಣದ 31 ಪುಟಗಳಲ್ಲಿ ಈಗ 29 ಸೂಚಿಯಲ್ಲಿವೆ. ಕಳೆದ ತಿಂಗಳು ಇಳಕಲ್ಲಿನಿಂದ ಒಬ್ಬ ನೇಕಾರರು ಫೋನ್ ಮಾಡಿ, ತಮ್ಮ ಕಡೆ ಕಂಡಿಕೆಗೆ ಬೇರೆ ಹೆಸರಿದೆ, ಬರೆದುಕೊಳ್ಳಿ ಎಂದರು. ಹುಡುಕಿದಾಗ ನಮ್ಮ ಪುಟ ಸಿಕ್ಕಿತಂತೆ. ಅವರ ಊರಿನ ಹದಿನಾಲ್ಕು ಪದಗಳು ಈಗ ನನ್ನ ಟಿಪ್ಪಣಿ ಪುಸ್ತಕದಲ್ಲಿವೆ.

ಆ ಶಿಕ್ಷಕರ ವಿಳಾಸ ನಿಮ್ಮ ಕಚೇರಿಯಲ್ಲಿರಬಹುದು. ದಯವಿಟ್ಟು ಅವರಿಗೆ ಈ ಪತ್ರ ತಲುಪಿಸಿ. ಅವರ ಶಾಲೆಯ ಮಕ್ಕಳು ತಮ್ಮ ಊರಿನ ಕಸುಬುಗಳ ಬಗ್ಗೆ ಬರೆದರೆ ಅದನ್ನು ತಿದ್ದಿಕೊಡಲು ನಾನು ಸಿದ್ಧಳಿದ್ದೇನೆ. ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದ ಯಾವುದೇ ಸಂಘ, ಗ್ರಂಥಾಲಯ, ಮುದ್ರಣಾಲಯದ ಬಳಿ ಹಳೆಯ ನುಡಿ ಕಡತಗಳಿದ್ದರೆ ಅವನ್ನು ಯೂನಿಕೋಡ್‌ಗೆ ಬದಲಾಯಿಸಿ ಕರಡು ನೋಡಿಕೊಡುತ್ತೇನೆ, ದುಡ್ಡು ಬೇಡ. ಭಾನುವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಮನೆಯಲ್ಲಿರುತ್ತೇನೆ. ಪೆನ್‌ಡ್ರೈವ್ ತಂದರೆ ಸಾಕು, ನನ್ನ ವಿಳಾಸವನ್ನು ನಿಮ್ಮ ಗದಗ ಕಚೇರಿಯಲ್ಲಿ ಕೊಟ್ಟಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕರಡು ತಿದ್ದುಗಾರ್ತಿ
ಬೆಟಗೇರಿ, ಗದಗ